ಪದ ಪರಿಚಯ: ಕ್ಯಾರಿಯೊಫಿಲಸ್

ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ಹೂಗುಚ್ಛಕ್ಕೆಂದು ಕಟ್ಟುಕಟ್ಟಾಗಿ ಮಾರುವ ಕಾರ್ನೇಷನ್‌ಗೂ ದಿನಸಿ ಅಂಗಡಿಯಲ್ಲಿ ತೂಕಕ್ಕೆ ಸಿಗುವ ಲವಂಗಕ್ಕೂ ಮೇಲ್ನೋಟಕ್ಕೆ ಯಾವ ನಂಟೂ ಕಾಣದು. ಮೊದಲನೆಯದು ಮೊಣಕಾಲೆತ್ತರದ ಗಿಡದ ಹೂವು. ಎರಡನೆಯದು ಇಂಡೊನೇಷ್ಯಾದ ಮಲುಕು ದ್ವೀಪಗಳಿಂದ ಬಂದ ನಿತ್ಯಹಸಿರು ಮರದ ಒಣಗಿದ ಮೊಗ್ಗು. ಆದರೂ 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಒಂದೇ ಗ್ರಂಥದಲ್ಲಿ ಲವಂಗವನ್ನು ‘ಕ್ಯಾರಿಯೊಫಿಲಸ್ ಅರೊಮ್ಯಾಟಿಕಸ್’ ಎಂದೂ ಕಾರ್ನೇಷನ್ನನ್ನು ‘ಡಯಾಂತಸ್ ಕ್ಯಾರಿಯೊಫಿಲಸ್’ ಎಂದೂ ಕರೆದ.

ಈ ಪದ ಮೊದಲು ಲವಂಗದ್ದೇ. ಗ್ರೀಕಿನ ‘ಕಾರ್ಯೊಫಿಲ್ಲೊನ್’ ಎಂಬುದನ್ನು ಬಿಡಿಸಿದರೆ ‘ಕಾಯಿ–ಎಲೆ’ ಎಂದಾಗುತ್ತದೆ. ಮೊಗ್ಗಿಗೆ ಆ ಅರ್ಥ ಹೊಂದುವುದಿಲ್ಲವಾದ್ದರಿಂದ, ಪೂರ್ವದೇಶದ ಯಾವುದೋ ಪದವನ್ನು ಗ್ರೀಕರು ತಮ್ಮ ಬಾಯಿಗೆ ಒಗ್ಗಿಸಿಕೊಂಡರೆಂಬ ವಿದ್ವಾಂಸರ ಊಹೆಯೇ ನನಗೆ ಹೆಚ್ಚು ಸರಿಯೆನಿಸುತ್ತದೆ. ಹೂವಿಗೆ ಆ ಹೆಸರು ಅಂಟಿದ್ದು ವಾಸನೆಯಿಂದ. ಲವಂಗದ ಘಾಟಿಗೆ ಕಾರಣವಾದ ಯೂಜಿನಾಲ್ ಕಾರ್ನೇಷನ್ ಎಸಳಿನ ಪರಿಮಳದಲ್ಲೂ ಇದೆ. ಹಿಂದೆ ಯುರೋಪಿನಲ್ಲಿ ಅದರ ಎಸಳನ್ನು ದ್ರಾಕ್ಷಾರಸಕ್ಕೆ ಹಾಕುತ್ತಿದ್ದರು. ಇಂದಿನ ತಳಿಗಳನ್ನು ಬಣ್ಣ, ಗಾತ್ರ ಮತ್ತು ಬಾಳಿಕೆಗೆಂದೇ ಬೆಳೆಸಿರುವುದರಿಂದ ಮಾರುಕಟ್ಟೆಯ ಹೂವನ್ನು ಮೂಗಿಗೆ ಹಿಡಿದವರಿಗೆ ಈ ಮಾತು ನಂಬಿಕೆಯಾಗದೆ ಹೋಗಬಹುದು.

ಎರಡಕ್ಕೂ ಒಂದೇ ಹೆಸರಿಡುವ ರೂಢಿ ಹಲವು ಭಾಷೆಗಳಲ್ಲಿದೆ: ಅರಬ್ಬಿಯಲ್ಲಿ ‘ಕರನ್‌ಫುಲ್’, ತುರ್ಕಿಯಲ್ಲಿ ‘ಕರನ್‌ಫಿಲ್’. ಪಾರ್ಸಿಯ ‘ಮೀಖಕ್’ ಎಂಬುದೂ ಎರಡಕ್ಕೂ ಸಲ್ಲುತ್ತದೆ, ಆದರೆ ಅದರ ಅರ್ಥ ‘ಪುಟ್ಟ ಮೊಳೆ’. ಜರ್ಮನ್ನಿನ ‘ನೆಲ್ಕೆ’ಯ ಬುಡದಲ್ಲಿಯೂ ಮೊಳೆಯೇ ಇದೆ. ಲವಂಗವೊಂದನ್ನು ಅಂಗೈಯಲ್ಲಿಟ್ಟು ನೋಡಿದರೆ ಹೋಲಿಕೆ ತಿಳಿಯುತ್ತದೆ: ಕೆಳಗೆ ತೆಳುವಾದ ಕಡ್ಡಿ, ತುದಿಯಲ್ಲಿ ಚಾಚಿದ ನಾಲ್ಕು ಹಲ್ಲು, ಅವುಗಳ ನಡುವೆ ಅರಳದೆ ಉಳಿದ ಎಸಳುಗಳ ಗುಂಡು. ನಾವು ಬೀಡಾ ಬಿಚ್ಚಿಕೊಳ್ಳದಂತೆ ಅದನ್ನು ಮೊಳೆಯಂತೆಯೇ ಚುಚ್ಚುತ್ತೇವೆ, ಹೆಸರು ಮಾತ್ರ ಸಂಸ್ಕೃತದ ‘ಲವಂಗ’ವನ್ನೇ ಉಳಿಸಿಕೊಂಡಿದ್ದೇವೆ.

ತೊಡಕು ಬಂದದ್ದು ವರ್ಗೀಕರಣದಲ್ಲಿ. ಲಿನೇಯಸ್‌ಗಿಂತ ಹಿಂದೆ ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಟೂರ್ನಫೋರ್ ‘ಕ್ಯಾರಿಯೊಫಿಲಸ್’ ಎಂಬುದನ್ನು ಕಾರ್ನೇಷನ್ ಕುಲಕ್ಕೆ (ಹತ್ತಿರದ ಪ್ರಭೇದಗಳ ಗುಂಪಿಗೆ) ಬಳಸಿದ್ದ. ಲಿನೇಯಸ್ ಅದನ್ನು ಲವಂಗಕ್ಕೆ ಮರಳಿಸಿ, ಹೂವಿನ ಕುಲಕ್ಕೆ ‘ಡಯಾಂತಸ್’, ಅಂದರೆ ಗ್ರೀಕರ ಜ್ಯೂಸ್ ದೇವನ ಹೂವು, ಎಂಬ ಹೆಸರು ಕೊಟ್ಟು, ಹಳೆಯ ಹೆಸರನ್ನು ಪ್ರಭೇದಸೂಚಕವಾಗಿ, ಅಂದರೆ ಜೋಡಿಹೆಸರಿನ ಎರಡನೆಯ ಪದವಾಗಿ, ಉಳಿಸಿದ. ಆದರೆ 1789ರಲ್ಲಿ ಫ್ರಾನ್ಸಿನ ಮತ್ತೊಬ್ಬ ಸಸ್ಯಶಾಸ್ತ್ರಜ್ಞ ಜ್ಯೂಸ್ಯೂ ಕಾರ್ನೇಷನ್‌ನ ಕುಟುಂಬಕ್ಕೆ (ಹಲವು ಕುಲಗಳ ಗುಂಪಿಗೆ) ಹೆಸರಿಟ್ಟಾಗ ಹಳೆಯ ಬಳಕೆಯೇ ಗೆದ್ದು ‘ಕ್ಯಾರಿಯೊಫಿಲ್ಲೇಸೀ’ ನಿಂತಿತು. ಇತ್ತ ಲವಂಗ ‘ಯೂಜೀನಿಯ’ ಕುಲಕ್ಕೂ ಹೋಗಿಬಂದು, 1939ರಲ್ಲಿ ಸಸ್ಯಶಾಸ್ತ್ರಜ್ಞರಾದ ಮೆರಿಲ್ ಮತ್ತು ಪೆರಿ ಅವರಿಂದ ‘ಸಿಜಿಜಿಯಂ ಅರೊಮ್ಯಾಟಿಕಂ’ ಆಯಿತು. ‘ಸಿಜಿಜಿಯಂ’ ಎಂದರೆ ಜೋಡಿಸಿದ್ದು. ಅದರೊಳಗಿನ ‘ಜೈಗೊನ್’ (ನೊಗ) ಸಂಸ್ಕೃತದ ‘ಯುಗ್ಮ’ಕ್ಕೆ ಬಂಧು.

ಹೀಗೆ ಹೆಸರಿನ ಮೂಲ ಒಡೆಯನಾದ ಲವಂಗಕ್ಕೆ ಆ ಹೆಸರಿನ ಕುಟುಂಬದಲ್ಲೇ ಸ್ಥಾನವಿಲ್ಲ. ಕುಟುಂಬದ ಮೇಲಿನ ‘ಕ್ಯಾರಿಯೊಫಿಲ್ಲೇಲ್ಸ್’ ಗಣದಲ್ಲಿ ನಮ್ಮ ದಂಟಿನ ಸೊಪ್ಪು, ಪಾಲಕ್, ಬೀಟ್‌ರೂಟ್, ಪಾಪಸುಕಳ್ಳಿಗಳಿವೆ. ಲವಂಗದ ನಿಜವಾದ ಒಡಹುಟ್ಟು ಬೇಸಿಗೆಯ ಕೊನೆಗೆ ಬೆಂಗಳೂರಿನ ತಳ್ಳುಗಾಡಿಗಳಿಗೆ ಬರುವ ನೇರಳೆ: ಅದೂ ‘ಸಿಜಿಜಿಯಂ’ ಕುಲದ್ದೇ.