ಬೇರಿಯಾಟ್ರಿಕ್ ಸರ್ಜರಿ ಆದ ಮೇಲೆ ಮೈಯಲ್ಲಿ ಏನು ಇಳಿಯುತ್ತದೆ: ಪರ್ಸೆಂಟ್ ಲೆಕ್ಕದ ಗೊಂದಲ ಮತ್ತು ಊಟದ ಲೆಕ್ಕ

ಬೇರಿಯಾಟ್ರಿಕ್ ಅಂದರೆ ತೂಕ ಇಳಿಸಲು ಮಾಡುವ ಆಪರೇಶನ್. ಅದರ ವಿಧಗಳು (ಸ್ಲೀವ್, ಗ್ಯಾಸ್ಟ್ರಿಕ್ ಬೈಪಾಸ್) ಎಲ್ಲ ಪುಸ್ತಕದಲ್ಲೂ ಚಿತ್ರದ ಸಮೇತ ಇವೆ, ಅದಕ್ಕೆ ಇಲ್ಲಿ ಎರಡೇ ಮಾತು. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತೆಗೆಯುತ್ತಾರೆ, ಕರುಳನ್ನು ಮುಟ್ಟುವುದಿಲ್ಲ. ಬೈಪಾಸ್‌ನಲ್ಲಿ ಸುಮಾರು 30 ಎಂಎಲ್ ಹಿಡಿಯುವ ಪುಟ್ಟ ಚೀಲ ಮಾಡಿ ಅದನ್ನು ಜೆಜುನಂಗೆ (ಸಣ್ಣ ಕರುಳಿನ ನಡುಭಾಗ) ಜೋಡಿಸುತ್ತಾರೆ. ತಿಂದದ್ದು ಡಿಯೋಡಿನಂಗೆ (ಸಣ್ಣ ಕರುಳಿನ ಮೊದಲ ಭಾಗ) ಹೋಗುವುದೇ ಇಲ್ಲ. ಈ ಕೊನೆಯ ಮಾತು ನೆನಪಿರಲಿ, ಕಬ್ಬಿಣ ಮತ್ತು ಕ್ಯಾಲ್ಸಿಯಂ ವಿಷಯಕ್ಕೆ ಬೇಕಾಗುತ್ತದೆ.

ಲೀನ್ ಮಾಸ್: ಕೆಜಿ ನೋಡಬೇಕಾ, ಪರ್ಸೆಂಟ್ ನೋಡಬೇಕಾ?

ನಾನು ಜಾಸ್ತಿ ಹೊತ್ತು ಕೂತಿದ್ದು ಇಲ್ಲೇ. ಲೀನ್ ಮಾಸ್ ಅಂದರೆ ಮೈತೂಕದಲ್ಲಿ ಕೊಬ್ಬು ಬಿಟ್ಟು ಉಳಿದದ್ದು. ಒಂದು ಕಡೆ "ಸರ್ಜರಿ ನಂತರ ಲೀನ್ ಮಾಸ್ ಕಡಿಮೆಯಾಗುತ್ತದೆ" ಅಂತ ಇರುತ್ತದೆ. ಇನ್ನೊಂದು ಕಡೆ "ಲೀನ್ ಮಾಸ್ ಶೇಕಡಾವಾರು ಹೆಚ್ಚುತ್ತದೆ" ಅಂತ ಇರುತ್ತದೆ. ಎರಡೂ ನಿಜ. ಲೆಕ್ಕ ಹಾಕಿದರೆ ಮಾತ್ರ ಹೇಗೆ ಅಂತ ಕಾಣುತ್ತದೆ.

ಒಬ್ಬ ಹೆಂಗಸು ಅಂದುಕೊಳ್ಳಿ. ಎತ್ತರ 160 ಸೆಂಮೀ, ತೂಕ 120 ಕೆಜಿ. ಅದರಲ್ಲಿ 60 ಕೆಜಿ ಕೊಬ್ಬು, ಉಳಿದ 60 ಕೆಜಿ ಲೀನ್. ವರ್ಷದ ಮೇಲೆ ತೂಕ 80 ಕೆಜಿ. ಇಳಿದ 40 ಕೆಜಿಯಲ್ಲಿ ಕಾಲು ಭಾಗ ಲೀನ್ ಅಂತ ಹಿಡಿಯೋಣ (ಸ್ಥೂಲ ಲೆಕ್ಕಕ್ಕೆ ಇದೇ ಅಂದಾಜು ಬಳಕೆಯಲ್ಲಿದೆ). ಅಂದರೆ 30 ಕೆಜಿ ಕೊಬ್ಬು, 10 ಕೆಜಿ ಲೀನ್ ಹೋಯಿತು. ಈಗ ಉಳಿದದ್ದು 30 ಕೆಜಿ ಕೊಬ್ಬು, 50 ಕೆಜಿ ಲೀನ್. 80ಕ್ಕೆ 50 ಅಂದರೆ 62.5 ಪರ್ಸೆಂಟ್. ಮೊದಲು 50 ಪರ್ಸೆಂಟ್ ಇತ್ತು. ರಿಪೋರ್ಟ್‌ನಲ್ಲಿ ಏರಿದೆ, ಮೈಯಲ್ಲಿ 10 ಕೆಜಿ ಕಡಿಮೆಯಾಗಿದೆ.

ಈಗ ಅದೇ ಲೆಕ್ಕವನ್ನು ಕೆಡಿಸಿ ನೋಡಿ. ಪ್ರೋಟೀನ್ ಸಾಲದೆ 25 ಕೆಜಿ ಕೊಬ್ಬು, 15 ಕೆಜಿ ಲೀನ್ ಹೋಯಿತು ಅನ್ನಿ. ಉಳಿದ ಲೀನ್ 45 ಕೆಜಿ. 80ಕ್ಕೆ 45 ಅಂದರೆ ಸುಮಾರು 56 ಪರ್ಸೆಂಟ್. ಇಷ್ಟು ಕೆಟ್ಟ ಸ್ಥಿತಿಯಲ್ಲೂ ಪರ್ಸೆಂಟ್ ಏರಿಯೇ ಇದೆ! ಏರದೆ 50ರಲ್ಲೇ ನಿಲ್ಲಬೇಕಾದರೆ ಇಳಿದ 40 ಕೆಜಿಯಲ್ಲಿ ಪೂರಾ 20 ಕೆಜಿ ಲೀನ್ ಆಗಿರಬೇಕು. ಅಂದರೆ ಇಳಿದ ತೂಕದಲ್ಲಿ ಲೀನ್ ಪಾಲು ಮೊದಲಿದ್ದ ಲೀನ್ ಪರ್ಸೆಂಟ್‌ಗಿಂತ ಕಡಿಮೆ ಇರುವ ತನಕ ಈ ಸಂಖ್ಯೆ ಏರುತ್ತಲೇ ಇರುತ್ತದೆ. ಅದಕ್ಕೇ "ಲೀನ್ ಪರ್ಸೆಂಟ್ ಚೆನ್ನಾಗಿದೆ" ಅಂತ ಪೇಶೆಂಟ್‌ಗೆ ಹೇಳಿ ಕಳಿಸುವುದು ನನಗೆ ಸರಿ ಕಾಣುವುದಿಲ್ಲ. ಕೆಜಿಯಲ್ಲಿ ಎಷ್ಟಿತ್ತು, ಎಷ್ಟಾಯಿತು ಅಂತ ಪಕ್ಕಪಕ್ಕ ಬರೆದು ನೋಡಬೇಕು.

ಹಾಗಂತ ಹೋದ 10 ಕೆಜಿಯೂ ಸ್ನಾಯು ಅಲ್ಲ. ಲೀನ್ ಅಂದರೆ ನೀರು, ಅಂಗಗಳು, ಗ್ಲೈಕೋಜನ್ (ದೇಹ ಕೂಡಿಟ್ಟ ಸಕ್ಕರೆ) ಎಲ್ಲ ಸೇರಿದ್ದು. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರು ಇರುತ್ತದೆ, ಮೊದಲ ವಾರಗಳಲ್ಲಿ ಅದೂ ಹೋಗುತ್ತದೆ. 120 ಕೆಜಿ ಹೊರಲು ಬೇಕಿದ್ದಷ್ಟು ಸ್ನಾಯು 80 ಕೆಜಿಗೆ ಬೇಕಿಲ್ಲ, ಸ್ವಲ್ಪ ಇಳಿಯುವುದು ಸಹಜ. ಇನ್ನೊಂದು ವಿಷಯ: ಬಿಐಎ ಮಷಿನ್ (ಮೈಯಲ್ಲಿ ಸಣ್ಣ ಕರೆಂಟ್ ಹಾಯಿಸಿ ಕೊಬ್ಬು, ಲೀನ್ ಎಷ್ಟು ಅಂತ ಅಂದಾಜು ಮಾಡುವುದು) ಕೊಬ್ಬಿಲ್ಲದ ಭಾಗದಲ್ಲಿ ಸುಮಾರು 73 ಪರ್ಸೆಂಟ್ ನೀರು ಅಂತ ಮೊದಲೇ ಊಹಿಸಿಕೊಂಡು ಲೆಕ್ಕ ಹಾಕುತ್ತದೆ. ತೂಕ ಬೇಗ ಇಳಿಯುವಾಗ ನೀರಿನ ಪ್ರಮಾಣವೇ ಬದಲಾಗುತ್ತಿರುತ್ತದೆ. ಅದಕ್ಕೆ ಪ್ರತಿ ಸಲ ಅದೇ ಮಷಿನ್, ಅದೇ ಹೊತ್ತು, ಖಾಲಿ ಹೊಟ್ಟೆ.

ಇದೇ ತೊಡಕು ತೂಕದ ಲೆಕ್ಕದಲ್ಲೂ ಇದೆ. ಈಕೆಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 25ರ ತೂಕ 64 ಕೆಜಿ, ಅಂದರೆ ಹೆಚ್ಚುವರಿ ತೂಕ 56 ಕೆಜಿ. ಇಳಿದ 40 ಕೆಜಿ ಆ 56ರಲ್ಲಿ 71 ಪರ್ಸೆಂಟ್, ಒಟ್ಟು 120ರಲ್ಲಿ 33 ಪರ್ಸೆಂಟ್. ಸಂಶೋಧನಾ ಪೇಪರ್ ಓದುವಾಗ ಯಾವುದರಿಂದ ಭಾಗಿಸಿದ್ದಾರೆ ಅಂತ ಮೊದಲು ನೋಡಿ.

ಪ್ರೋಟೀನ್

ಗುರಿ ದಿನಕ್ಕೆ 60ರಿಂದ 80 ಗ್ರಾಂ. ಚೀಲ ಚಿಕ್ಕದು, ನಮ್ಮ ಊಟ ಶುರುವಾಗುವುದು ಮುದ್ದೆ ಅಥವಾ ಅನ್ನದಿಂದ. ಕಷ್ಟ ಇರುವುದೇ ಅಲ್ಲಿ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 7 ಗ್ರಾಂ ಪ್ರೋಟೀನ್, ಅಷ್ಟು ಹಿಟ್ಟಿನ ಮುದ್ದೆ ಆ ಚೀಲಕ್ಕೆ ಹಿಡಿಯುವುದೂ ಇಲ್ಲ. ತಿಳಿಸಾರಿನಲ್ಲಿ ಬೇಳೆ ಇರುವುದೇ ಅಷ್ಟಕ್ಕಷ್ಟೆ. ಎರಡು ಮೊಟ್ಟೆ 12 ಗ್ರಾಂ, 100 ಗ್ರಾಂ ಪನೀರ್ ಸುಮಾರು 18, 300 ಎಂಎಲ್ ಹಾಲು ಸುಮಾರು 10. ಒಟ್ಟು 40. ಇನ್ನೂ 20 ಗ್ರಾಂ ಬಾಕಿ, ಅದಕ್ಕೇ ಪ್ರೋಟೀನ್ ಪೌಡರ್ ಬರೆಯುತ್ತಾರೆ. ಮೊಟ್ಟೆ ತಿನ್ನದವರಿಗೆ ಸೋಯಾ, ಗಟ್ಟಿ ಬೇಳೆ, ನೀರು ಬಸಿದ ಮೊಸರು. ತಟ್ಟೆಯಲ್ಲಿ ಪ್ರೋಟೀನ್ ಮೊದಲು, ಪಲ್ಯ ಆಮೇಲೆ, ಮುದ್ದೆ–ಅನ್ನ ಕೊನೆಗೆ. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಲಿ. ಡಾಕ್ಟರ್ ಒಪ್ಪಿದ ಮೇಲೆ ಭಾರ ಎತ್ತುವ ವ್ಯಾಯಾಮವೂ ಬೇಕು, ಬರೀ ವಾಕಿಂಗ್ ಸ್ನಾಯುವನ್ನು ಉಳಿಸಲು ಸಾಲದು.

ವಿಟಮಿನ್, ಮಿನರಲ್

ಬಿ12 ಹೀರುವುದು ಇಲಿಯಂನ (ಸಣ್ಣ ಕರುಳಿನ ಕೊನೆಯ ಭಾಗ) ತುದಿಯಲ್ಲಿ. ಬೈಪಾಸ್‌ನಲ್ಲಿ ಆ ಭಾಗವನ್ನು ಮುಟ್ಟಿಲ್ಲ, ಮತ್ತೆ ಕೊರತೆ ಯಾಕೆ? ಆಹಾರದಿಂದ ಬಿ12 ಬಿಡಿಸಲು ಜಠರದ ಆಸಿಡ್ ಬೇಕು, ಹೀರಲು ಇಂಟ್ರಿನ್ಸಿಕ್ ಫ್ಯಾಕ್ಟರ್ ಅನ್ನುವ ಪ್ರೋಟೀನ್ ಬೇಕು. ಎರಡೂ ಬರುವುದು ಜಠರದ ಪರೈಟಲ್ ಕೋಶಗಳಿಂದ. ಊಟ ಅವುಗಳ ದಾರಿಯಲ್ಲೇ ಹೋಗುತ್ತಿಲ್ಲ, ಅಲ್ವಾ? ಸ್ಲೀವ್‌ನಲ್ಲಿ ಆ ಕೋಶಗಳೇ ಬಹಳಷ್ಟು ಹೋಗಿರುತ್ತವೆ. ಲಿವರ್‌ನಲ್ಲಿ ದಾಸ್ತಾನು ಇರುವುದರಿಂದ ಕೊರತೆ ನಿಧಾನವಾಗಿ ಬರುತ್ತದೆ. ಸಸ್ಯಾಹಾರಿಗಳಲ್ಲಿ ಆ ದಾಸ್ತಾನು ಮೊದಲೇ ಕಡಿಮೆ ಇರಬಹುದು, ಆದ್ದರಿಂದ ಸರ್ಜರಿಗೆ ಮುಂಚೆಯೇ ಟೆಸ್ಟ್ ಮಾಡಿಸಬೇಕು.

ಕಬ್ಬಿಣ, ಕ್ಯಾಲ್ಸಿಯಂ ಎರಡನ್ನೂ ಹೀರಲು ಡಿಯೋಡಿನಂ ಮುಖ್ಯ, ಬೈಪಾಸ್ ಆದವರ ಊಟ ಅಲ್ಲಿಗೆ ಹೋಗುವುದಿಲ್ಲ. ಎರಡು ಮಾತ್ರೆ ಒಟ್ಟಿಗೆ ಬೇಡ, ಕನಿಷ್ಠ 2 ಗಂಟೆ ಅಂತರ ಇರಲಿ. ಕ್ಯಾಲ್ಸಿಯಂ ಕಾರ್ಬೋನೇಟ್ ಮಾತ್ರೆ ಕರಗಲು ಆಸಿಡ್ ಬೇಕು, ಆದ್ದರಿಂದ ಕ್ಯಾಲ್ಸಿಯಂ ಸಿಟ್ರೇಟ್ ವಾಸಿ. ಊಟ ಆದ ತಕ್ಷಣ ಕಾಫಿ ಕುಡಿದರೆ ಕಬ್ಬಿಣ ಸರಿಯಾಗಿ ಸೇರುವುದಿಲ್ಲ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಲೇಬೇಕು.

ಬಿ1 (ಥಯಮಿನ್) ಮಾತ್ರ ಕಾಯುವುದಿಲ್ಲ. ಥಯಮಿನ್ ದಾಸ್ತಾನು 2–3 ವಾರಕ್ಕೆ ಮುಗಿಯುತ್ತದೆ. ಸರ್ಜರಿ ಆದವರು ದಿನಗಟ್ಟಲೆ ವಾಂತಿ ಮಾಡುತ್ತಿದ್ದು, ತೂರಾಡುತ್ತಾ ನಡೆದರೆ, ಕಣ್ಣಿನ ಚಲನೆ ಸರಿ ಇಲ್ಲದಿದ್ದರೆ, ಮಾತು ಗೊಂದಲವಾದರೆ ಸುಮ್ನೆ "ಸುಸ್ತು" ಅಂತ ಬಿಡಬಾರದು, ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಗ್ಲೂಕೋಸ್ ಡ್ರಿಪ್ಸ್ ಹಾಕುವ ಮುಂಚೆ ಥಯಮಿನ್ ಕೊಡಬೇಕು. ಗ್ಲೂಕೋಸ್ ಬಳಸಿಕೊಳ್ಳಲು ದೇಹಕ್ಕೆ ಥಯಮಿನ್ ಬೇಕು, ಮೊದಲು ಗ್ಲೂಕೋಸ್ ಹೋದರೆ ಇದ್ದ ಚೂರೂ ಖರ್ಚಾಗಿ ಮೆದುಳಿಗೆ ಪೆಟ್ಟು ಬೀಳಬಹುದು. ಸರ್ಜರಿ ಆಗಿರುವ ವಿಷಯವನ್ನು ಡ್ಯೂಟಿ ಡಾಕ್ಟರಿಗೆ ಮೊದಲೇ ಹೇಳಬೇಕು ಅಂತ ಡಿಸ್ಚಾರ್ಜ್ ದಿನವೇ ಮನೆಯವರಿಗೆ ತಿಳಿಸಿ ಕಳಿಸಿ.