ಹಣ್ಣಿನ ಉಸಿರು, ಎಣ್ಣೆಯ ಉಸಿರು

ಧಾರವಾಡದ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಕುಸುಬೆ ಎಣ್ಣೆಯ ಡಬ್ಬಿಯೊಂದಿತ್ತು. ಅದರ ಬಾಯಿಯ ಸುತ್ತ ಎಣ್ಣೆ ಸೋರಿದ ಕಡೆಯಲ್ಲೆಲ್ಲ ಹಳದಿ ಬಣ್ಣದ ಅಂಟು ಪದರವೊಂದು ಸದಾ ಕಟ್ಟಿಕೊಂಡಿರುತ್ತಿತ್ತು. ಬಿಸಿನೀರಿಗೂ ಸೀಗೆಪುಡಿಗೂ ಜಗ್ಗದ ಅದನ್ನು ಅವ್ವ ಚಾಕುವಿನ ಬೆನ್ನಿನಿಂದ ಕೆರೆದು ತೆಗೆಯುತ್ತಿದ್ದಳು. ಮುಂಬೈಗೆ ಬಂದು ಮಾಟುಂಗಾದಲ್ಲಿ ನೆಲೆಸಿದ ಮೇಲೆ, ಪಕ್ಕದ ಮನೆಯ ಉಡುಪಿ ಕಡೆಯ ಅಜ್ಜಿಯ ತೆಂಗಿನೆಣ್ಣೆ ಬಾಟಲಿಯ ಬಾಯಿ ಎಷ್ಟು ಹಳತಾದರೂ ಅಂಟಾಗದೆ ಇರುವುದನ್ನು ಕಂಡು ಕಾರಣ ಕೇಳಿದೆ. "ನಮ್ಮ ಎಣ್ಣೆ ಚಳಿಗೆ ಹೆಪ್ಪುಗಟ್ಟುತ್ತದೆ ಮಾರಾಯ, ಬಿಸಿಲಿಗಿಟ್ಟರೆ ಮತ್ತೆ ನೀರಾಗುತ್ತದೆ, ಅಷ್ಟೇ" ಎಂದರು ಅವರು. ಒಂದು ಎಣ್ಣೆ ಹೆಪ್ಪುಗಟ್ಟಿ ಮರಳಿ ಕರಗುತ್ತದೆ, ಇನ್ನೊಂದು ಒಮ್ಮೆ ಗಟ್ಟಿಯಾದರೆ ಮತ್ತೆ ಎಣ್ಣೆಯಾಗುವುದೇ ಇಲ್ಲ. ಐದುನೂರು ವರ್ಷಗಳಿಗೂ ಮಿಕ್ಕಿ ಬೆಳೆದುಬಂದ ತೈಲವರ್ಣ ಚಿತ್ರಕಲೆ ನಿಂತಿರುವುದು ಈ ಒಂದು ವ್ಯತ್ಯಾಸದ ಮೇಲೆ. ಭಾನುವಾರಗಳಂದು ಅಂಗೈಗಿಂತ ತುಸು ದೊಡ್ಡದಾದ ಕ್ಯಾನ್ವಾಸಿನ ಮೇಲೆ ಒಂದೆರಡು ಹಣ್ಣುಗಳ ಚಿತ್ರ ಬರೆಯುವ ನನಗೆ, ಆ ಡಬ್ಬಿಯ ಅಂಟಿನ ಅರ್ಥ ಸ್ಪಷ್ಟವಾದದ್ದು ಬಹಳ ತಡವಾಗಿ.

ಎಣ್ಣೆಬಣ್ಣ ಒಣಗುತ್ತದೆ ಎಂದು ನಾವು ಹೇಳುತ್ತೇವಾದರೂ, ಒಗೆದ ಬಟ್ಟೆ ಒಣಗುವ ಅರ್ಥದಲ್ಲಿ ಅದು ಒಣಗುವುದಿಲ್ಲ. ಬಟ್ಟೆಯಿಂದ ನೀರು ಹೊರಟುಹೋಗುತ್ತದೆ. ಎಣ್ಣೆಗಾದರೋ ಹೊರಗಿನಿಂದ ಆಮ್ಲಜನಕ ಬಂದು ಸೇರಬೇಕು. ಎಣ್ಣೆಯ ಮೇದಾಮ್ಲಗಳು ಇಂಗಾಲದ ಉದ್ದನೆಯ ಸರಪಳಿಗಳು. ಆ ಸರಪಳಿಯಲ್ಲಿ ಅಲ್ಲಲ್ಲಿ ದ್ವಿಬಂಧಗಳು, ಅಂದರೆ ಎರಡು ಇಂಗಾಲದ ಪರಮಾಣುಗಳ ನಡುವಿನ ಜೋಡಿ ಕೊಂಡಿಗಳು, ಇದ್ದರೆ ಅವುಗಳ ಪಕ್ಕದ ಜಾಗ ಆಮ್ಲಜನಕದ ದಾಳಿಗೆ ಸುಲಭವಾಗಿ ಸಿಕ್ಕುತ್ತದೆ, ಮತ್ತು ಹಾಗೆ ಸಿಕ್ಕ ಅಣು ನೆರೆಯ ಅಣುವಿನೊಂದಿಗೆ ಬೆಸೆದುಕೊಳ್ಳುತ್ತದೆ. ಬೆಸುಗೆಗಳು ಹೆಚ್ಚುತ್ತ ಹೋದಂತೆ ದ್ರವವು ಬಲೆಯಾಗಿ, ಬಲೆಯು ಗಟ್ಟಿ ಪೊರೆಯಾಗಿ ಮಾರ್ಪಡುತ್ತದೆ. ಅಗಸೆ ಎಣ್ಣೆಯ ಮೇದಾಮ್ಲಗಳಲ್ಲಿ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಪಾಲು ಮೂರು ದ್ವಿಬಂಧಗಳಿರುವ ಲಿನೋಲೆನಿಕ್ ಆಮ್ಲ. ಕುಸುಬೆಯಲ್ಲಿ ಸುಮಾರು ಮುಕ್ಕಾಲು ಪಾಲು ಎರಡು ದ್ವಿಬಂಧಗಳಿರುವ ಲಿನೋಲಿಕ್ ಆಮ್ಲ. ತೆಂಗಿನೆಣ್ಣೆಯಲ್ಲಿ ದ್ವಿಬಂಧಗಳು ತೀರ ವಿರಳ. 100 ಗ್ರಾಂ ಎಣ್ಣೆ ಎಷ್ಟು ಗ್ರಾಂ ಅಯೋಡಿನ್ ಹೀರುತ್ತದೆ ಎಂಬುದರಿಂದ ರಸಾಯನಜ್ಞರು ಅದರಲ್ಲಿನ ದ್ವಿಬಂಧಗಳ ಪ್ರಮಾಣವನ್ನು ಅಳೆಯುತ್ತಾರೆ. ಅಗಸೆಗೆ ಆ ಸಂಖ್ಯೆ 170ರಿಂದ 200, ಕುಸುಬೆಗೆ 140ರ ಆಸುಪಾಸು, ಶೇಂಗಾ ಎಣ್ಣೆಗೆ 90ರ ಆಸುಪಾಸು, ತೆಂಗಿಗೆ ಸುಮಾರು 10. ಶೇಂಗಾ ಎಣ್ಣೆಯಲ್ಲಿ ಬಣ್ಣ ಕಲಸಿದವರು ತಿಂಗಳುಗಟ್ಟಲೆ ಕಾದರೂ ಅವರಿಗೆ ಸಿಗುವುದು ಜಿಗುಟೇ ಹೊರತು ಚಿತ್ರವಲ್ಲ.

ಅಗಸೆ ಎಣ್ಣೆ ಬೇಗ ಗಟ್ಟಿಯಾಗುತ್ತದೆ, ಆದರೆ ಕಾಲ ಕಳೆದಂತೆ ಹಳದಿಗೆ ತಿರುಗುತ್ತದೆ. ಕುಸುಬೆ ಎಣ್ಣೆ ನಿಧಾನವಾದರೂ ಅಷ್ಟು ಹಳದಿಯಾಗುವುದಿಲ್ಲವಾದ್ದರಿಂದ ಹಲವು ತಯಾರಕರು ಬಿಳಿ ಮತ್ತು ತಿಳಿ ಬಣ್ಣಗಳನ್ನು ಅದರಲ್ಲಿ ಅರೆಯುತ್ತಾರೆ. ಜೋಳದ ರೊಟ್ಟಿಯ ಜೊತೆಗೆ ಅಗಸೆ ಚಟ್ನಿ ತಿಂದು, ಕುಸುಬೆ ಎಣ್ಣೆಯ ಒಗ್ಗರಣೆಯಲ್ಲಿ ಬೆಳೆದ ಎರೆಮಣ್ಣಿನ ಸೀಮೆಯವರಿಗೆ ಈ ವಿಷಯ ನಿಜವಾಗಿಯೂ ಸಂತೋಷ ಕೊಡಬೇಕು: ಪರದೇಶದ ಕಲೆ ಎಂದು ನಾವು ತಿಳಿದಿರುವುದರ ಜೀವದ್ರವ್ಯ ನಮ್ಮ ಹೊಲದ ಬೆಳೆಯೇ ಆಗಿದೆ.

ಇನ್ನು ಹಣ್ಣಿನ ಮಾತು. ಗಿಡದಿಂದ ಕಿತ್ತ ಮೇಲೂ ಹಣ್ಣಿನ ಜೀವಕೋಶಗಳು ಆಮ್ಲಜನಕವನ್ನು ಒಳಗೆಳೆದುಕೊಂಡು, ಸಕ್ಕರೆಯನ್ನು ಸುಟ್ಟು, ಇಂಗಾಲದ ಡೈಆಕ್ಸೈಡನ್ನೂ ನೀರಾವಿಯನ್ನೂ ಹೊರಬಿಡುತ್ತಲೇ ಇರುತ್ತವೆ. ಹೀಗಾಗಿ ಚಿತ್ರಕಾರನ ಮೇಜಿನ ಮೇಲೆ ಎರಡು ಪದಾರ್ಥಗಳು ಒಂದೇ ಗಾಳಿಯನ್ನು ಹಂಚಿಕೊಂಡು ಉಸಿರಾಡುತ್ತಿರುತ್ತವೆ. ಹಣ್ಣು ಉಸಿರಾಡುತ್ತ ದಿನದಿಂದ ದಿನಕ್ಕೆ ತೂಕ ಕಳೆದುಕೊಳ್ಳುತ್ತದೆ. ಎಣ್ಣೆ ತನ್ನ ಮೊದಲ ಹಂತದಲ್ಲಿ ಆಮ್ಲಜನಕವನ್ನು ಹೀರುತ್ತ ತೂಕ ಗಳಿಸುತ್ತದೆ. ಅಗಸೆ ಎಣ್ಣೆಯ ತೆಳುಪೊರೆ ಹೀಗೆ ಶೇಕಡಾ 10ಕ್ಕಿಂತ ಹೆಚ್ಚು ಭಾರವಾಗಬಲ್ಲದು. ಹಣ್ಣಿನ ಲೆಕ್ಕ ದಿನಗಳದ್ದು, ಎಣ್ಣೆಯದು ತಿಂಗಳು-ವರ್ಷಗಳದ್ದು.

ಹಣ್ಣಿನ ಚಿತ್ರ ಚಿಕ್ಕದಾಗಿರುವುದಕ್ಕೆ ಈ ಎರಡು ಕಾಲಗತಿಗಳ ಅಂತರವೇ ಮುಖ್ಯ ಕಾರಣವೆಂದು ನಾನು ನಂಬಿದ್ದೇನೆ. ಮಾವು, ಬಾಳೆ, ಚಿಕ್ಕು, ಪೇರಲ ಇವೆಲ್ಲ ಕಿತ್ತ ಮೇಲೂ ಮಾಗುವ ಹಣ್ಣುಗಳು. ಅವು ಎಥಿಲೀನ್ ಅನಿಲವನ್ನು ತಾವೇ ಸೂಸುತ್ತವೆ, ಆ ಅನಿಲ ಮಾಗುವಿಕೆಯನ್ನು ಮತ್ತಷ್ಟು ತ್ವರೆಗೊಳಿಸುತ್ತದೆ, ಪಕ್ಕದ ಹಣ್ಣಿಗೂ ತಾಗುತ್ತದೆ. ಶನಿವಾರ ಸಂಜೆ ಹಸಿರಂಚು ಉಳಿದಿದ್ದ ಆಪೂಸು ಸೋಮವಾರದ ಹೊತ್ತಿಗೆ ಪತ್ರಹರಿತ್ತನ್ನೆಲ್ಲ ಕಳೆದುಕೊಂಡು, ಅದರಡಿ ಅಡಗಿದ್ದ ಕ್ಯಾರೊಟಿನಾಯ್ಡುಗಳ ಕೇಸರಿಯನ್ನು ಪೂರ್ತಿ ಹೊರಗೆ ತೋರಿಸುತ್ತದೆ. ಅಂದರೆ ನಾವು ಬರೆಯಲು ಕುಳಿತ ವಸ್ತುವೇ ಬೇರೆಯಾಗಿರುತ್ತದೆ. ಆರು ಅಂಗುಲಕ್ಕೆ ಎಂಟು ಅಂಗುಲದ ಚಿತ್ರವನ್ನಾದರೆ ಬಣ್ಣ ಹಸಿಯಾಗಿರುವಾಗಲೇ ಒಂದೇ ಸಲ ಕುಳಿತು ಮುಗಿಸಬಹುದು. ನಿಂಬೆ, ಕಿತ್ತಳೆ, ದಾಳಿಂಬೆಗಳು ಕಿತ್ತ ಮೇಲೆ ಹೀಗೆ ಮಾಗುವುದಿಲ್ಲವಾದ್ದರಿಂದ, ಎರಡು ವಾರ ಎಳೆಯುವ ಚಿತ್ರಕ್ಕೆ ಅವೇ ಮೇಲು. ಬಾಳೆಹಣ್ಣನ್ನು ಮಾವಿನ ಪಕ್ಕದಲ್ಲಿಟ್ಟು ಬರೆಯುವವರು ಸ್ವಲ್ಪ ಅವಸರ ಮಾಡಲೇಬೇಕಾಗುತ್ತದೆ.

ಹಳೆಯ ಚಿತ್ರಕಾರರು ಈ ಅಂತರವನ್ನು ಬಗೆಬಗೆಯಾಗಿ ಎದುರಿಸಿದರು. ಡಚ್ ಚಿತ್ರಕಾರ ಯಾನ್ ಫಾನ್ ಹೌಸುಮ್ ಹೂಹಣ್ಣುಗಳ ದೊಡ್ಡ ಚಿತ್ರಗಳಿಗಾಗಿ ಒಂದೊಂದು ಹೂವಿನ ಋತು ಬರುವವರೆಗೂ ಕಾಯುತ್ತಿದ್ದ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಅವನ ಒಂದು ಚಿತ್ರದ ಮೇಲೆ 1736 ಮತ್ತು 1737 ಎಂಬ ಎರಡು ವರ್ಷಗಳಿವೆ. ಅವನಿಗಿಂತ ಹಿಂದಿನ ಆಡ್ರಿಯಾನ್ ಕೋರ್ಟೆ ಒಂದು ಗೇಣಿಗಿಂತಲೂ ಚಿಕ್ಕ ಚಿತ್ರಗಳಲ್ಲಿ ಕಲ್ಲಿನ ಕಟ್ಟೆಯ ಮೇಲಿನ ಒಂದು ಹಿಡಿ ಸ್ಟ್ರಾಬೆರಿಗಳನ್ನಷ್ಟೇ ಬರೆದ. ಇಟಲಿಯ ಕಾರವಾಜ್ಜೊ ಸುಮಾರು 1599ರಲ್ಲಿ ಬರೆದ ಹಣ್ಣಿನ ಬುಟ್ಟಿಯಲ್ಲಿ ಸೇಬಿನ ಹುಳುಕನ್ನೂ ಬಾಡಿ ಮುದುಡಿದ ಎಲೆಗಳನ್ನೂ ಮರೆಮಾಚಲಿಲ್ಲ. ಮೂವರಲ್ಲಿ ನನಗೆ ಹೆಚ್ಚು ಹತ್ತಿರದವನು ಕೋರ್ಟೆ.

ಹಣ್ಣಿಗೆ ಎಣ್ಣೆಯೇ ಏಕೆ, ನೀರುಬಣ್ಣ ಸಾಲದೇ ಎಂದು ಕೇಳುವವರಿಗೆ ಉತ್ತರ ವಡಾಪಾವ್ ಕಟ್ಟಿಕೊಟ್ಟ ಕಾಗದದಲ್ಲಿದೆ. ಎಣ್ಣೆ ತಾಗಿದ ಕಡೆ ಕಾಗದ ಅರೆಪಾರದರ್ಶಕವಾಗಿ, ಹಿಂಬದಿಯ ಅಕ್ಷರಗಳೂ ಕಾಣುತ್ತವೆ. ಒಣ ಕಾಗದದಲ್ಲಿ ನಾರುಗಳ ನಡುವೆ ಗಾಳಿಯಿರುತ್ತದೆ. ಗಾಳಿಯ ವಕ್ರೀಭವನ ಸೂಚ್ಯಂಕ (ವಸ್ತುವೊಂದು ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಎಂಬುದರ ಅಳತೆ) 1, ನಾರಿನದು ಸುಮಾರು 1.5, ಇವೆರಡರ ಪ್ರತಿ ಗಡಿಯಲ್ಲೂ ಬೆಳಕು ಚದುರುವುದರಿಂದ ಕಾಗದ ಬೆಳ್ಳಗೆ ಕಾಣುತ್ತದೆ. ಗಾಳಿಯ ಜಾಗವನ್ನು 1.48 ಸೂಚ್ಯಂಕದ ಎಣ್ಣೆ ತುಂಬಿದೊಡನೆ ಬೆಳಕಿಗೆ ಆ ಗಡಿಗಳೇ ಇಲ್ಲವಾಗಿ ಅದು ಒಳಕ್ಕೆ ಇಳಿಯುತ್ತದೆ. ಮಾರುತಿಯ ಮೂರ್ತಿಗೆ ಬಳಿಯುವ ಸಿಂಧೂರ ಒಣಪುಡಿಯಾಗಿದ್ದಾಗಿನದಕ್ಕಿಂತ ಎಣ್ಣೆಯಲ್ಲಿ ಕಲಸಿದಾಗ ಗಾಢವಾಗುವುದೂ ಇದರಿಂದಲೇ. ನೀರುಬಣ್ಣದಲ್ಲಿ ನೀರು ಆರಿಹೋಗಿ ಮತ್ತೆ ಗಾಳಿ ಬಂದು ಸೇರುತ್ತದೆ. ಎಣ್ಣೆ ಹೋಗದೆ ಅಲ್ಲೇ ನಿಲ್ಲುತ್ತದೆ. ಎಣ್ಣೆಯಲ್ಲಿ ಅಲ್ಟ್ರಾಮರೀನ್ ನೀಲಿಯಂಥ, ಸೂಚ್ಯಂಕ 1.5ರ ಸುತ್ತ ಇರುವ ವರ್ಣದ್ರವ್ಯ ಗಾಜಿನ ಹಾಗೆ ಪಾರದರ್ಶಕವಾದರೆ, 2.7ರ ಸೂಚ್ಯಂಕದ ಟೈಟಾನಿಯಂ ಬಿಳುಪು ಬೆಳಕನ್ನೆಲ್ಲ ಹಿಂದಕ್ಕಟ್ಟಿ ಕೆಳಗಿನ ಬಣ್ಣವನ್ನು ಮುಚ್ಚಿಬಿಡುತ್ತದೆ. ಹಣ್ಣಿನ ಸಿಪ್ಪೆಯೂ ಇಂಥದೇ ರಚನೆ: ಮೇಲೆ ಪಾರದರ್ಶಕವಾದ ಮೇಣದ ಪೊರೆ, ಅದರಡಿ ಬಣ್ಣದ ಕಣಗಳನ್ನು ತುಂಬಿಕೊಂಡ ಕೋಶಗಳು, ಇನ್ನೂ ಕೆಳಗೆ ಬೆಳಕನ್ನು ಚದುರಿಸುವ ತಿರುಳು. ಹೀಗಾಗಿ ಎಣ್ಣೆಯಲ್ಲಿ ಹಣ್ಣನ್ನು ಬರೆಯುವಾಗ ಅದರ ಬಣ್ಣದ ಜೊತೆಗೆ ಅದು ಬೆಳಕನ್ನು ನಡೆಸಿಕೊಳ್ಳುವ ಬಗೆಯನ್ನೂ ಕ್ಯಾನ್ವಾಸಿನ ಮೇಲೆ ಮತ್ತೆ ಕಟ್ಟುತ್ತೇವೆ.

ನಾಸಿಕದ ಕಪ್ಪು ದ್ರಾಕ್ಷಿಯಲ್ಲಿ ಇದು ಅತ್ಯಂತ ಚೆನ್ನಾಗಿ ಕಾಣುತ್ತದೆ. ಮುಟ್ಟದ ದ್ರಾಕ್ಷಿಯ ಮೇಲೆ ಇಬ್ಬನಿಯಂಥ ತಿಳಿನೀಲಿ ಮಬ್ಬಿರುತ್ತದೆ, ಬೆರಳಿನಿಂದ ಉಜ್ಜಿದರೆ ಅಳಿಸಿಹೋಗಿ ಹೊಳೆಯುವ ಕಡುನೇರಳೆ ಸಿಪ್ಪೆ ಹೊರಬರುತ್ತದೆ. ಅನೇಕರು ಅದನ್ನು ಔಷಧಿಯ ಪುಡಿ ಎಂದು ತಿಳಿಯುತ್ತಾರಾದರೂ ಅದು ದ್ರಾಕ್ಷಿ ತಾನೇ ಸ್ರವಿಸಿದ ಮೇಣದ ಅತಿ ಸೂಕ್ಷ್ಮ ಹರಳುಗಳ ಪದರ. ಮೇಣಕ್ಕೆ ನೀಲಿ ಬಣ್ಣವಿಲ್ಲ. ಅಷ್ಟು ಸಣ್ಣ ಕಣಗಳು ಕೆಂಪು ಬೆಳಕಿಗಿಂತ ನೀಲಿ ಬೆಳಕನ್ನು ಹೆಚ್ಚು ಚದುರಿಸುತ್ತವೆ, ಹಿನ್ನೆಲೆ ಕಪ್ಪಾಗಿರುವುದರಿಂದ ಆ ನೀಲಿ ನಮಗೆ ಎದ್ದು ಕಾಣುತ್ತದೆ. ದೇವರಕೋಣೆಯ ಕಪ್ಪು ಗೋಡೆಯೆದುರು ಊದುಬತ್ತಿಯ ಹೊಗೆ ನೀಲಿಯಾಗಿ ಕಾಣುವುದೂ ಇದೇ ನಿಯಮದಿಂದ. ಚಿತ್ರಕಾರ ಮಾಡುವುದೂ ಅದನ್ನೇ. ಮೊದಲು ಕಡುನೇರಳೆಯನ್ನು ಬಳಿದು ಒಣಗಲು ಬಿಟ್ಟು, ಆಮೇಲೆ ಬಹುತೇಕ ಒಣಗಿದ ಕುಂಚದಿಂದ ಬಿಳಿಯನ್ನು ತೀರ ತೆಳುವಾಗಿ ಸವರಿದರೆ, ಪ್ಯಾಲೆಟ್ಟಿನಲ್ಲಿ ನೀಲಿಯೇ ಇಲ್ಲದಿದ್ದರೂ ಕ್ಯಾನ್ವಾಸಿನ ಮೇಲೆ ನೀಲಿ ಮಬ್ಬು ಮೂಡುತ್ತದೆ. ಮೊದಲ ಸಲ ಇದು ನನ್ನ ಕೈಯಲ್ಲಿ ಘಟಿಸಿದಾಗ ಕುಂಚ ಕೆಳಗಿಟ್ಟು ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತಿದ್ದೆ. ಹಸಿರು ದ್ರಾಕ್ಷಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ: ಕಿಟಕಿಯ ಕಡೆಯಿಂದ ಒಳಹೊಕ್ಕ ಬೆಳಕು ತಿರುಳಿನೊಳಗೆ ಬಾಗಿ ಎದುರು ಬದಿಯಲ್ಲಿ ಹೊರಬೀಳುವುದರಿಂದ, ನೆರಳಿರಬೇಕಾದ ಕಡೆಯಲ್ಲೇ ಬೆಚ್ಚಗಿನ ಕಾಂತಿ ಇರುತ್ತದೆ. ಚೆಂಡಿಗೆ ನೆರಳು ಹಾಕುವಂತೆ ದ್ರಾಕ್ಷಿಗೂ ಹಾಕಿದರೆ ಅದು ಗೋಲಿಯಾಗಿಬಿಡುತ್ತದೆ.

ಹೊಳಪಿನ ಚುಕ್ಕೆಯ ವಿಷಯದಲ್ಲೂ ಕಣ್ಣು ಮೋಸಹೋಗುತ್ತದೆ. ನಿಂಬೆಯ ಮೇಲಿನ ಹೊಳಪು ತಿಳಿಹಳದಿಯಲ್ಲ. ಸಿಪ್ಪೆಯ ಮೇಲ್ಮೈಗೆ ನೇರವಾಗಿ ಬಿದ್ದ ಬೆಳಕಿನಲ್ಲಿ ಶೇಕಡಾ 4ರಷ್ಟು ಒಳಗಿನ ಬಣ್ಣವನ್ನು ಮುಟ್ಟದೆ ಹಾಗೆಯೇ ಹಿಂದಿರುಗುತ್ತದೆ, ಆದ್ದರಿಂದ ಅದರ ಬಣ್ಣ ಕಿಟಕಿಯಾಚೆಗಿನ ಆಕಾಶದ್ದು. ನಿಂಬೆಯ ಪಕ್ಕದಲ್ಲಿ ಹಿತ್ತಾಳೆಯ ತಂಬಿಗೆಯೊಂದನ್ನು ಇಟ್ಟು ನೋಡಿ: ಲೋಹದ ಮೇಲ್ಮೈ ಪ್ರತಿಫಲಿಸುವ ಬೆಳಕಿಗೇ ತನ್ನ ಬಣ್ಣ ಹಚ್ಚುವುದರಿಂದ ತಂಬಿಗೆಯ ಹೊಳಪು ಹಳದಿಯಾಗಿಯೂ, ಹಳದಿ ನಿಂಬೆಯ ಹೊಳಪು ನಸುನೀಲಿ ಬಿಳುಪಾಗಿಯೂ ಕಾಣುತ್ತದೆ.

ಈ ಆಕಾಶದ ಬೆಳಕು ಸ್ಥಿರವಾಗಿರಲೆಂದು ಉತ್ತರದ ಕಿಟಕಿಯ ಬಳಿ ಕುಳಿತುಕೊಳ್ಳಬೇಕೆಂಬುದು ಯುರೋಪಿನಿಂದ ಬಂದ ಪಾಠ. ಅಲ್ಲಿ ಮಧ್ಯಾಹ್ನದ ಸೂರ್ಯ ಸದಾ ದಕ್ಷಿಣಕ್ಕೇ ಇರುತ್ತಾನೆ. ಮುಂಬೈ ಇರುವುದು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮಧ್ಯಭಾಗದಲ್ಲಿ ಸೂರ್ಯ ನೆತ್ತಿಯನ್ನು ದಾಟಿ ಉತ್ತರಕ್ಕೆ ಸರಿದು, ಜುಲೈ ಕೊನೆಯ ವಾರದವರೆಗೆ ನಡುಹಗಲಿನಲ್ಲೂ ಅಲ್ಲೇ ಇರುತ್ತಾನೆ. ಅಂದರೆ ಆಪೂಸು ಅಗ್ಗವಾಗುವ ಮೇ ಕೊನೆಯಲ್ಲೇ ಉತ್ತರದ ಕಿಟಕಿಯಿಂದ ಬಿಸಿಲು ಇಣುಕತೊಡಗುತ್ತದೆ. ಆ ವಾರಗಳಲ್ಲಿ ಬಿಳಿಯ ಪಂಚೆಯೊಂದನ್ನು ಕಿಟಕಿಗೆ ಕಟ್ಟಿಕೊಳ್ಳದೆ ನನ್ನ ಕೆಲಸ ನಡೆಯುವುದಿಲ್ಲ.

ಹಣ್ಣು ಮತ್ತು ಬಣ್ಣ ಎರಡಕ್ಕೂ ಈ ಊರು ಅನುಕೂಲವಾದದ್ದು. 1869ರಲ್ಲಿ ಆರಂಭವಾದ ಕ್ರಾಫರ್ಡ್ ಮಾರ್ಕೆಟ್ಟಿನ ಹಣ್ಣಿನ ಸಾಲುಗಳಿಂದ 1857ರಲ್ಲಿ ಸ್ಥಾಪನೆಯಾದ ಜೆ. ಜೆ. ಕಲಾಶಾಲೆಗೆ ಕೆಲವೇ ನಿಮಿಷಗಳ ನಡಿಗೆ. ನಮ್ಮ ಉಡುಪಿ ಸೀಮೆಯ ಕಟ್ಟಿಂಗೇರಿಯ ಚಿತ್ರಕಾರ ಕೆ. ಕೆ. ಹೆಬ್ಬಾರರು ಕಲಿತದ್ದೂ ಕಲಿಸಿದ್ದೂ ಆ ಶಾಲೆಯಲ್ಲಿ. ಇಂದು ಮಾವಿನ ಹಳದಿಗೆ ಕ್ಯಾಡ್ಮಿಯಂ ಸಲ್ಫೈಡಿನ ಬಣ್ಣ ಸಿಗುತ್ತದೆ. ಹಿಂದೆ ಯುರೋಪಿನ ಚಿತ್ರಕಾರರು ಇಂಡಿಯನ್ ಯೆಲ್ಲೋ ಎಂಬ ಬಣ್ಣವನ್ನು ಭಾರತದಿಂದ ತರಿಸಿಕೊಳ್ಳುತ್ತಿದ್ದರು. ಬಿಹಾರದ ಮುಂಗೇರ್ ಬಳಿಯ ಒಂದು ಹಳ್ಳಿಯಲ್ಲಿ ಹಸುಗಳಿಗೆ ಮಾವಿನೆಲೆ ತಿನ್ನಿಸಿ, ಅವುಗಳ ಮೂತ್ರವನ್ನು ಕಾಯಿಸಿ ಅದನ್ನು ತಯಾರಿಸುತ್ತಿದ್ದರೆಂದು ತ್ರೈಲೋಕ್ಯನಾಥ ಮುಖರ್ಜಿಯವರು 1883ರಲ್ಲಿ ವರದಿ ಮಾಡಿದರು. ಎಲೆಯನ್ನಷ್ಟೇ ತಿಂದ ಆ ಹಸುಗಳು ಬಡಕಲಾಗಿದ್ದವೆಂದೂ ಅವರು ಬರೆದಿದ್ದಾರೆ. ಆ ಬಣ್ಣ ಮಾರುಕಟ್ಟೆಯಿಂದ ಮರೆಯಾದದ್ದು ಒಳ್ಳೆಯದೇ ಆಯಿತು. ಮಾವಿನ ನೆರಳಿಗಾಗಿ ಹಳದಿಗೆ ಕಪ್ಪು ಬೆರೆಸುವವರಿಗೆ ಒಂದು ಮಾತು: ಆ ಮಿಶ್ರಣ ಕಂದಾಗದೆ ಹಸಿರಾಗಿ, ಹಣ್ಣು ಕಾಯಾಗಿ ಕಾಣುತ್ತದೆ. ಬರ್ನ್ಟ್ ಅಂಬರ್ ಎಂಬ ಕಂದುಮಣ್ಣಿನ ಬಣ್ಣ ಬೆರೆಸಿದರೆ ನೆರಳು ಬೆಚ್ಚಗೆ ಉಳಿಯುತ್ತದೆ. ಜೊತೆಗೆ ಆ ಕಂದುಮಣ್ಣಿನಲ್ಲಿರುವ ಮ್ಯಾಂಗನೀಸ್ ಎಣ್ಣೆಯ ಉತ್ಕರ್ಷಣೆಯನ್ನು, ಅಂದರೆ ಅದು ಆಮ್ಲಜನಕದೊಂದಿಗೆ ಸೇರುವ ಕ್ರಿಯೆಯನ್ನು, ಚುರುಕುಗೊಳಿಸುವುದರಿಂದ ಆ ಭಾಗ ಬೇಗ ಒಣಗುತ್ತದೆ.

ಉತ್ಕರ್ಷಣೆಯ ಇನ್ನೊಂದು ಮುಖವನ್ನು ಚಿಕ್ಕ ಮನೆಗಳಲ್ಲಿ ಬರೆಯುವವರು ತಿಳಿದಿರಲೇಬೇಕು. ಎಣ್ಣೆ ಆಮ್ಲಜನಕವನ್ನು ಹೀರುವಾಗ ಶಾಖ ಹುಟ್ಟುತ್ತದೆ. ಹರಡಿದ ಕ್ಯಾನ್ವಾಸಿನ ಮೇಲೆ ಆ ಶಾಖ ಗಾಳಿಗೆ ಹೋಗಿಬಿಡುತ್ತದೆ, ಆದರೆ ಕುಂಚ ಒರೆಸಿದ ಚಿಂದಿಗಳನ್ನು ಮುದ್ದೆಮಾಡಿ ಮೂಲೆಗೆಸೆದರೆ ಶಾಖ ಒಳಗೇ ಕೂಡಿಕೊಂಡು, ಕಡ್ಡಿ ಗೀರದೆಯೇ ಬೆಂಕಿ ಹೊತ್ತಿಕೊಳ್ಳಬಹುದು. ಅಗಸೆ ಎಣ್ಣೆಯ ಚಿಂದಿಗಳಿಂದ ಇಂಥ ಬೆಂಕಿ ಅನಾಹುತಗಳು ನಿಜವಾಗಿಯೂ ಆಗಿವೆ. ನಾನು ಅವನ್ನು ನೀರು ತುಂಬಿದ ಮುಚ್ಚಳದ ಡಬ್ಬಿಯಲ್ಲಿ ಮುಳುಗಿಸಿಡುತ್ತೇನೆ. ಕ್ಯಾಡ್ಮಿಯಂ ವಿಷಕಾರಿ ಲೋಹವಾದ್ದರಿಂದ, ಬರೆಯುವ ಮೇಜಿನ ಮೇಲೆ ಕುಳಿತ ಹಣ್ಣನ್ನು ಮನೆಯಲ್ಲಿ ಯಾರಿಗೂ ತಿನ್ನಲು ಕೊಡುವುದಿಲ್ಲ. ಮಳೆಗಾಲದಲ್ಲಿ ಕ್ಯಾನ್ವಾಸ್ ತೇವ ಹೀರಿ ಬಿಗಿ ಸಡಿಲಿಸುತ್ತದೆ, ಹಿಂಬದಿಗೆ ಬೂಷ್ಟು ಹಿಡಿಯುತ್ತದೆ. ಹಾಗೆಂದು ಚಿತ್ರವನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿ ಮುಚ್ಚಿಡುವುದೂ ಸರಿಯಲ್ಲ, ಏಕೆಂದರೆ ಅಗಸೆ ಎಣ್ಣೆ ಕತ್ತಲಲ್ಲಿ ಹೆಚ್ಚು ಹಳದಿಯಾಗುತ್ತದೆ. ಮತ್ತೆ ಬೆಳಕಿಗಿಟ್ಟರೆ ಆ ಹಳದಿ ಬಹುಮಟ್ಟಿಗೆ ಇಳಿಯುತ್ತದೆ.

ಕಳೆದ ಮೇ ತಿಂಗಳಲ್ಲಿ ಬರೆದ ಎರಡು ಆಪೂಸುಗಳ ಚಿತ್ರ ಈಗ ನಮ್ಮ ನಡುಮನೆಯ ಗೋಡೆಯ ಮೇಲಿದೆ. ಅಂಬರ್ ಬೆರೆತ ತೆಳುವಾದ ನೆರಳು ಮೂರೇ ದಿನಕ್ಕೆ ಗಟ್ಟಿಯಾಗಿತ್ತು. ತೊಟ್ಟಿನ ಬಳಿ ದಪ್ಪವಾಗಿ ಇಟ್ಟ ಕುಸುಬೆ ಎಣ್ಣೆಯ ಬಿಳಿ ಹೊಳಪು, ಡಿಸೆಂಬರಿನಲ್ಲಿ ಉಗುರಿನಿಂದ ಮೆಲ್ಲನೆ ಒತ್ತಿ ನೋಡಿದಾಗ, ಮೇಲೆ ಪೊರೆ ಕಟ್ಟಿದ್ದರೂ ಒಳಗೆ ಇನ್ನೂ ಮೆತ್ತಗಿತ್ತು. ಅದು ಪೂರ್ತಿ ಗಟ್ಟಿಯಾಗುವವರೆಗೆ ವಾರ್ನಿಶ್ ಹಚ್ಚುವಂತಿಲ್ಲ. ಅಷ್ಟರಲ್ಲಿ ಮಾಟುಂಗಾದ ಅಂಗಡಿಗಳಿಗೆ ಹುಲ್ಲಿನ ಪೆಟ್ಟಿಗೆಗಳಲ್ಲಿ ಈ ವರ್ಷದ ಆಪೂಸು ಬಂದಿರುತ್ತದೆ.