ಘಟಿಕೋತ್ಸವ ಅಂದರೆ ಏನು? ಆ ಕರಿ ಗೌನು ಎಲ್ಲಿಂದ ಬಂತು?

ಅಕ್ಕನ ಮಗಳ ಘಟಿಕೋತ್ಸವಕ್ಕೆ, ಅಂದರೆ ಡಿಗ್ರಿ ಕೊಡುವ ಸಮಾರಂಭಕ್ಕೆ, ಶಿವಮೊಗ್ಗದಿಂದ ಕುವೆಂಪು ವಿಶ್ವವಿದ್ಯಾಲಯ ಇರುವ ಶಂಕರಘಟ್ಟಕ್ಕೆ ಹೊರಟಿದ್ದೆವು. ಬಸ್ಸಿನಲ್ಲಿ ಅಕ್ಕ ಕೇಳಿದಳು: "ಘಟಿಕೋತ್ಸವ ಅಂದ್ರೆ ಏನೇ? ಗಳಿಗೆ ನೋಡಿ ಮಾಡ್ತಾರಾ?"

ಹಾಗೆ ಅನ್ನಿಸುವುದು ಸಹಜ. ಘಟಿಕೆ ಅಂದರೆ 24 ನಿಮಿಷದ ಕಾಲ, ನಾವು ಆಡುವ ಗಳಿಗೆ ಅದೇ. ಆದರೆ ಈ ಪದದಲ್ಲಿರುವ ಘಟಿಕೆ ಬೇರೆ. ಹಿಂದೆ ನಮ್ಮ ದಕ್ಷಿಣದಲ್ಲಿ ದೊಡ್ಡ ವಿದ್ಯಾಕೇಂದ್ರಕ್ಕೆ ಘಟಿಕೆ, ಘಟಿಕಾಸ್ಥಾನ ಎನ್ನುತ್ತಿದ್ದರು. ಅಲ್ಲಿನ ಉತ್ಸವವೇ ಘಟಿಕೋತ್ಸವ.

ಈ ಮಾತಿಗೆ ಸಾಕ್ಷಿ ನಮ್ಮ ಜಿಲ್ಲೆಯಲ್ಲೇ ಇದೆ. ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಸ್ಥಾನದ ಎದುರು ಒಂದು ಕಲ್ಲಿನ ಕಂಬ ನಿಂತಿದೆ. ಅದರ ಮೇಲೆ ಕುಬ್ಜ ಎಂಬ ಕವಿ ಬರೆದ ಸಂಸ್ಕೃತ ಶಾಸನವಿದೆ, 5ನೇ ಶತಮಾನದ್ದು. ಮಯೂರಶರ್ಮ ತನ್ನ ಗುರು ವೀರಶರ್ಮನ ಜೊತೆ ಪಲ್ಲವರ ರಾಜಧಾನಿ ಕಂಚಿಗೆ ಹೋದ, ಪೂರ್ತಿ ವೇದ ಕಲಿಯುವ ಆಸೆಯಿಂದ ಅಲ್ಲಿನ ಘಟಿಕೆ ಸೇರಿದ ಎಂದು ಶಾಸನ ಹೇಳುತ್ತದೆ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳವಾಯಿತು. ಅವಮಾನ ತಡೆಯದೆ ಮಯೂರ ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ. ಕದಂಬ ರಾಜ್ಯ ಹುಟ್ಟಿದ್ದು ಹಾಗೆ. ಓದಲು ಹೋದ ಹುಡುಗ ಓದು ಬಿಟ್ಟು ರಾಜನಾದ ಕಥೆಯಲ್ಲಿ ಈ ಪದ ಕೂತಿದೆ. ನನಗೆ ಅದು ತುಂಬಾ ಇಷ್ಟ.

ಬೇರೆ ಭಾಷೆಗಳು ಬೇರೆ ಪದ ಹಿಡಿದಿವೆ. ಹಿಂದಿಯವರಿಗೆ ಇದು ದೀಕ್ಷಾಂತ, ತೆಲುಗರಿಗೆ ಸ್ನಾತಕೋತ್ಸವ. ಓದು ಮುಗಿದ ಮೇಲೆ ಸ್ನಾನ ಮಾಡಿ ಗುರುಕುಲ ಬಿಡುವವನು ಸ್ನಾತಕ. ನಾವು ಎಂ.ಎ.ಗೆ ಸ್ನಾತಕೋತ್ತರ ಎನ್ನುವುದು ಅದರಿಂದಲೇ. ಅವರ ಪದಗಳು ಓದು ಮುಗಿಯುವುದನ್ನು ಹೇಳುತ್ತವೆ, ಕನ್ನಡದ ಪದ ಓದಿದ ಜಾಗವನ್ನು ಹೇಳುತ್ತದೆ.

ಇನ್ನು ಗೌನು. ಅದು ಪೂರ್ತಿ ಹೊರಗಿನದು. ಮಧ್ಯಯುಗದ ಯುರೋಪಿನಲ್ಲಿ ವಿಶ್ವವಿದ್ಯಾಲಯಗಳು ಚರ್ಚಿನ ನೆರಳಲ್ಲಿ ಬೆಳೆದವು. ಕಲಿಸುವವರು, ಕಲಿಯುವವರು ಹೆಚ್ಚಿನವರು ಪಾದ್ರಿಗಳು, ಹಾಗಾಗಿ ಉಡುಪೂ ಅವರದೇ. ಬೆಂಕಿ ಕಾಣದ ಕಲ್ಲಿನ ಕೋಣೆಗಳಲ್ಲಿ ಉದ್ದನೆಯ ನಿಲುವಂಗಿ ಬೇಕೇ ಬೇಕಿತ್ತು. ಬೆನ್ನ ಮೇಲೆ ಇಳಿಬಿಡುವ ಹುಡ್ ಆಗ ನಿಜವಾಗಿ ತಲೆಗೆ ಹಾಕುವ ಕುಲಾವಿಯೇ ಆಗಿತ್ತು. ಆಷಾಢದ ಮಳೆಯಲ್ಲಿ ಕಂಬಳಿ ಕೊಪ್ಪೆ ಹೊದ್ದು ಗದ್ದೆಗಿಳಿಯುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಚೌಕ ಟೋಪಿಗೆ ಇಂಗ್ಲಿಷಿನಲ್ಲಿ ಗಾರೆ ಹಲಗೆ ಎಂದೇ ಹೆಸರು. ಗಾರೆ ಕೆಲಸದವರು ಗಾರೆ ಇಟ್ಟುಕೊಳ್ಳುವ ಹಲಗೆಯ ಹಾಗೆ ಕಾಣುತ್ತದೆ ಎಂದು.

1857ರಲ್ಲಿ ಕಲ್ಕತ್ತಾ, ಬೊಂಬಾಯಿ, ಮದ್ರಾಸ್ ವಿಶ್ವವಿದ್ಯಾಲಯಗಳು ಶುರುವಾದಾಗ ಈ ಪದ್ಧತಿ ನಮ್ಮಲ್ಲಿ ನೆಲೆಯೂರಿತು. 1916ರ ಮೈಸೂರು ವಿಶ್ವವಿದ್ಯಾಲಯಕ್ಕೆ, 1987ರಲ್ಲಿ ಹುಟ್ಟಿದ ನಮ್ಮ ಕುವೆಂಪು ವಿಶ್ವವಿದ್ಯಾಲಯಕ್ಕೆ ಬರುವ ಹೊತ್ತಿಗೆ ಅದು ಹಳೇ ಸಂಪ್ರದಾಯವೇ ಆಗಿತ್ತು. 2010ರಲ್ಲಿ ಕೇಂದ್ರ ಸಚಿವ ಜೈರಾಮ್ ರಮೇಶ್ ಭೋಪಾಲದ ಘಟಿಕೋತ್ಸವವೊಂದರಲ್ಲಿ ಗೌನು ಕಳಚಿಟ್ಟು, ಇದು ವಸಾಹತು ಕಾಲದ ಪಳೆಯುಳಿಕೆ ಎಂದರು. ಆಮೇಲೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಕೂಡ ಕೈಮಗ್ಗದ ಬಟ್ಟೆ ಬಳಸಿ ಎಂದು ವಿಶ್ವವಿದ್ಯಾಲಯಗಳಿಗೆ ಬರೆಯಿತು. ಈಗ ಎಷ್ಟೋ ಕಡೆ ಸೀರೆ, ಜುಬ್ಬಾ, ಹೆಗಲ ಮೇಲೆ ಶಲ್ಯ, ತಲೆಗೆ ಪೇಟ ಬಂದಿವೆ. ನನ್ನ ಒಲವೂ ಕೈಮಗ್ಗದ ಕಡೆಗೇ. ನಮ್ಮ ಹವೆಗೆ ಅದೇ ಸರಿ, ನೇಯುವವರಿಗೆ ಕೆಲಸವೂ ಸಿಗುತ್ತದೆ. ಆದರೆ ಮನೆಯಲ್ಲಿ ಮೊದಲ ಬಾರಿ ಡಿಗ್ರಿ ಪಡೆದ ಹುಡುಗಿಗೆ ಆ ಗೌನು ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಹುಡ್ ಬಗ್ಗೆ ಒಂದು ಮಾತು ಬಾಕಿ ಇದೆ. ಅದರ ಒಳಪದರದ ಬಣ್ಣ ಸುಮ್ನೆ ಅಂದಕ್ಕಲ್ಲ. ಯಾವ ವಿಭಾಗ, ಯಾವ ಪದವಿ ಎಂದು ಅದು ಹೇಳುತ್ತದೆ. ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ಲೆಕ್ಕ. ಬೆನ್ನ ಹಿಂದೆ ಆ ಬಣ್ಣ ಹೊರಗೆ ಕಾಣುವ ಹಾಗೆ ಮಡಚಬೇಕು. ಅಕ್ಕನಿಗೆ ಇದನ್ನು ಹೇಳಿದೆ. ಸಾಲಿನಲ್ಲಿ ನಿಂತಿದ್ದ ಮಗಳ ಹತ್ತಿರ ಹೋಗಿ, ಸೆರಗು ಸರಿಮಾಡುವ ಹಾಗೆಯೇ, ಅಕ್ಕ ಹುಡ್ಡಿನ ಮಡಿಕೆ ಬಿಡಿಸಿ ಬಣ್ಣ ಹೊರಗೆ ತಂದಳು.